ಗುಡ್ಡದ ಸೈಟು, ಆರೆಂಟು ಮನೆ, ಒಂದು ವೀಲ್‌ಚೇರು: ಕೊಡಗಲ್ಲಿ ಯಾವ ಥರ ಕಟ್ಟಿದ್ರೆ ಸರಿ?

ಈ ಸಲ ಮಳೆ ಬಿಟ್ಟ ಮೇಲೆ ಪ್ಲ್ಯಾನ್ ಹಾಕಿಸೋಕೆ ಅಂತ ಬಂದವರಲ್ಲಿ ಮೂರು ಮನೆಯವರು ಕೇಳಿದ್ದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಟೌನ್ ಪಕ್ಕ ಇಪ್ಪತ್ತು ಸೆಂಟ್ ಜಾಗ ಉಂಟು, ಆರೋ ಎಂಟೋ ಮನೆ ಕಟ್ಟಿ ಎರಡು ನಾವು ಇಟ್ಕೊಂಡು ಮಿಕ್ಕಿದ್ದು ಬಾಡಿಗೆಗೆ ಕೊಡೋಣ ಅಂತ, ಆದ್ರೆ ಅವ್ವನಿಗೆ ಮಂಡಿ ಪೂರ್ತಿ ಹೋಗಿದೆ, ತಮ್ಮನ ಮಗ ವೀಲ್‌ಚೇರಲ್ಲಿದಾನೆ, ಲಿಫ್ಟ್ ಹಾಕೋದಾ, ರ‍್ಯಾಂಪ್ ಮಾಡೋದಾ, ಇಲ್ಲ ಈ ಗುಡ್ಡದ ಸಹವಾಸವೇ ಬೇಡ ಅಂತ ಕುಶಾಲನಗರದ ಕಡೆ ಸಪಾಟು ಜಾಗ ನೋಡೋದಾ. ಒಬ್ಬೊಬ್ಬರಿಗೂ ಕೂತು ಹೇಳೋದು ಅರ್ಧ ದಿನದ ಕೆಲಸ ಆಗ್ತಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ. ನಾನು ಪ್ಲ್ಯಾನ್ ಹಾಕೋನು, ವಕೀಲ ಅಲ್ಲ, ಕಾನೂನಿನ ವಿಷಯ ನನ್ನ ಕೆಲಸಕ್ಕೆ ಬೇಕಾದಷ್ಟು ಮಾತ್ರ ಹೇಳ್ತೀನಿ.

ಆಯ್ಕೆಗಳಿಗೆ ಹೋಗೋ ಮುಂಚೆ ಯಾವುದರ ಮೇಲೆ ಅಳೀಬೇಕು ಅನ್ನೋದು ಗೊತ್ತಿರಬೇಕು, ಇಲ್ಲಾಂದ್ರೆ ಮೇಸ್ತ್ರಿ ಹೇಳಿದ್ದೇ ಕೊನೆ ಮಾತಾಗುತ್ತೆ. ನಾನು ನೋಡೋ ಮೊದಲನೇದು, ಕಾರಿನ ಬಾಗಿಲಿಂದ ಮನೆ ಬಾಗಿಲ ತನಕ ಒಂದೂ ಮೆಟ್ಟಿಲಿಲ್ಲದೆ ಹೋಗೋಕಾಗುತ್ತಾ, ಅದೂ ಬೇಸಿಗೆಲಿ ಅಲ್ಲ, ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಲಿ ಒಂದು ಕೈಲಿ ಕೊಡೆ ಹಿಡ್ಕೊಂಡು. ಎರಡನೇದು, ಕರೆಂಟ್ ಹೋದ್ರೆ ಗತಿ ಏನು. ಮರ ಬಿದ್ದು ಎರಡು ಮೂರು ದಿನ ಕತ್ತಲೆ ಇರೋದು ನಮ್ಮಲ್ಲಿ ಹೊಸದೇನಲ್ಲ. ಮೂರನೇದು ಬರೆ, ಅಂದ್ರೆ ಗುಡ್ಡ ಕಡಿದಾಗ ನಿಲ್ಲೋ ಮಣ್ಣಿನ ಗೋಡೆ. ಎಷ್ಟು ಮಣ್ಣು ಕಡೀಬೇಕು, ಕಡಿದ ಮೇಲೆ ಅದು ನಿಲ್ಲುತ್ತಾ. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡಗಳು ಕುಸಿದಿದ್ದು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇದು ದುಡ್ಡು, ಅದರಲ್ಲೂ ಒಂದೇ ಸಲ ಹೋಗೋ ದುಡ್ಡು ಬೇರೆ, ತಿಂಗಳು ತಿಂಗಳು ಹೋಗೋದು ಬೇರೆ. ಐದನೇದು ಕಾನೂನು, ಕಟ್ಟೋರು ಯಾರು ಅನ್ನೋದರ ಮೇಲೆ ಅದು ಬದಲಾಗುತ್ತೆ. ಇನ್ನೊಂದು ಇದೆ, ಅದನ್ನ ಯಾರೂ ಕೇಳಲ್ಲ: ಹದಿನೈದು ವರ್ಷ ಬಿಟ್ಟು ಈ ಮನೇಲಿ ಇರೋರು ಯಾರು? ಈಗ ನಲವತ್ತೈದರ ಯಜಮಾನ ಆಗ ಅರವತ್ತು, ತೋಟದಲ್ಲಿ ಏರಿಳಿದ ಮಂಡಿ ಬೇರೆ.

ಕಾನೂನು ಮೊದಲು ಮುಗಿಸಿಬಿಡ್ತೀನಿ. ನಮ್ಮಲ್ಲಿ ಇರೋದು ವಿಕಲಚೇತನರ ಹಕ್ಕುಗಳ ಕಾಯ್ದೆ 2016, ಜಾರಿಗೆ ಬಂದಿದ್ದು 2017ರ ಏಪ್ರಿಲ್ 19ಕ್ಕೆ. ಅದರ 44ನೇ ಕಲಂ ಹೇಳೋದು ನೇರವಾಗಿದೆ, ನಿಯಮಕ್ಕೆ ತಕ್ಕ ಹಾಗೆ ಪ್ಲ್ಯಾನ್ ಇಲ್ಲದಿದ್ರೆ ಯಾವ ಸಂಸ್ಥೆಗೂ ಕಟ್ಟೋಕೆ ಪರ್ಮಿಶನ್ ಕೊಡೋ ಹಾಗಿಲ್ಲ, ಕಟ್ಟಿ ಮುಗಿಸಿದ ಮೇಲೆ ಕಂಪ್ಲೀಶನ್ ಸರ್ಟಿಫಿಕೇಟೂ ಇಲ್ಲ, ಒಳಗೆ ಹೋಗಿ ಇರೋ ಹಾಗೂ ಇಲ್ಲ. ಸಂಸ್ಥೆ ಅಂದ್ರೆ ಸರ್ಕಾರಿ ಮಾತ್ರ ಅಂದ್ಕೋಬೇಡಿ, ಕಂಪನಿ, ಫರ್ಮ್, ಸೊಸೈಟಿ, ಟ್ರಸ್ಟ್ ಎಲ್ಲಾ ಸೇರುತ್ತೆ. ಅಂದ್ರೆ ಅಣ್ಣತಮ್ಮಂದಿರು ಪಾರ್ಟ್‌ನರ್‌ಶಿಪ್ ಫರ್ಮ್ ಮಾಡ್ಕೊಂಡು ಅಪಾರ್ಟ್‌ಮೆಂಟ್ ಕಟ್ಟಿದ್ರೂ ನೀವು ಅದರೊಳಗೆ ಬಂದ್ರಿ. ಒಬ್ಬರೇ ಸ್ವಂತಕ್ಕೆ ಒಂದು ಮನೆ ಕಟ್ಕೊಂಡ್ರೆ ಈ ಕಲಂ ಮೈಮೇಲೆ ಬರಲ್ಲ. ತಪ್ಪಿದ್ರೆ ಮೊದಲ ಸಲ ದಂಡ ಹತ್ತು ಸಾವಿರದ ತನಕ, ಆಮೇಲೆ ಮತ್ತೆ ತಪ್ಪಿದ್ರೆ ಐವತ್ತು ಸಾವಿರದಿಂದ ಐದು ಲಕ್ಷ.

ಇಷ್ಟು ವರ್ಷ ಇದನ್ನ ಯಾರೂ ಅಷ್ಟಾಗಿ ತಲೆಗೆ ಹಾಕ್ಕೊಳ್ಳದೆ ಇದ್ದಿದ್ದಕ್ಕೆ ಒಂದು ಕಾರಣ ಇತ್ತು, 2017ರ ನಿಯಮಗಳಲ್ಲಿ ಕಟ್ಟಡದ ಅಳತೆಗಳೆಲ್ಲ ಬರೀ ಮಾರ್ಗಸೂಚಿ ಥರ ಇದ್ವು, ಮಾಡಿದ್ರೆ ಒಳ್ಳೇದು ಅನ್ನೋ ಹಾಗೆ. 2024ರ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಕೇಸಲ್ಲಿ ಆ 15ನೇ ನಿಯಮ ಕಾಯ್ದೆಗೇ ವಿರುದ್ಧ, ಕಡ್ಡಾಯದ ಮಾನದಂಡ ಬೇರೆ, ಸಲಹೆ ಬೇರೆ, ಮೂರು ತಿಂಗಳಲ್ಲಿ ಕಡ್ಡಾಯದ್ದನ್ನ ಬೇರೆ ಮಾಡಿ ತನ್ನಿ ಅಂತ ಕೇಂದ್ರಕ್ಕೆ ಹೇಳ್ತು. ಹಾಗಾಗಿ ನೀವು ಪ್ಲ್ಯಾನ್ ಕೊಡೋ ದಿನ ಯಾವ ನಿಯಮ ಜಾರಿಯಲ್ಲಿದೆ ಅನ್ನೋದನ್ನ ನಗರಸಭೆಲೋ ಪುರಸಭೆಲೋ ಪಂಚಾಯ್ತಿಲೋ ಕೇಳಿ ಬರವಣಿಗೆಲಿ ಇಟ್ಕೊಳ್ಳಿ. ನಾನಂತೂ 2021ರ ಕೇಂದ್ರದ ಸಾರ್ವತ್ರಿಕ ಪ್ರವೇಶದ ಮಾರ್ಗಸೂಚಿ ಮತ್ತೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡನ್ನೂ ಮೇಜಿನ ಮೇಲೆ ಇಟ್ಕೊಂಡೇ ಗೆರೆ ಎಳೆಯೋದು, ನಾಳೆ ಯಾವುದು ಕಡ್ಡಾಯ ಆದ್ರೂ ಒಡೆಯೋ ಕೆಲಸ ಬರಬಾರದು ಅಂತ.

ಗುಡ್ಡ ಕಣ್ರೀ, ಗುಡ್ಡದಲ್ಲಿ ಇದೆಲ್ಲ ಆಗಲ್ಲ ಅನ್ನೋ ಮಾತು ದಿನಾ ಕೇಳ್ತೀನಿ. ಅಮೆರಿಕದ ಕಾನೂನಲ್ಲಿ ಇದಕ್ಕೆ ಒಂದು ಉತ್ತರ ಇದೆ, ನಮಗೆ ಅನ್ವಯ ಆಗಲ್ಲ, ಆದ್ರೂ ತಿಳ್ಕೊಂಡಿರಿ. ಅಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮನೆ ಇರೋ ಕಟ್ಟಡ, 1991ರ ಮಾರ್ಚ್ 13ರ ನಂತರ ವಾಸಕ್ಕೆ ಬಂದಿದ್ರೆ, ಲಿಫ್ಟ್ ಇದ್ದಲ್ಲಿ ಎಲ್ಲಾ ಮನೆಗಳೂ, ಲಿಫ್ಟ್ ಇಲ್ಲದಿದ್ರೆ ನೆಲಮಟ್ಟದ ಮನೆಗಳೆಲ್ಲ ವೀಲ್‌ಚೇರಿಗೆ ಒಗ್ಗಬೇಕು. ಜಾಗ ತೀರಾ ಕಡಿದಾಗಿದ್ರೆ ಲೆಕ್ಕ ತೋರಿಸಿ ವಿನಾಯಿತಿ ಕೇಳಬಹುದು, ಆದ್ರೂ ಎಲ್ಲಾ ಮನೆಗೂ ಒಂದೇ ಬಾಗಿಲಿರೋ ಒಂಟಿ ಕಟ್ಟಡ ಬಿಟ್ರೆ ಮಿಕ್ಕ ಕಡೆ ನೆಲಮಟ್ಟದ ಮನೆಗಳಲ್ಲಿ ಕನಿಷ್ಠ ನೂರಕ್ಕೆ ಇಪ್ಪತ್ತನ್ನ ಹಾಗೆ ಮಾಡ್ಲೇಬೇಕು. ಗುಡ್ಡ ಅಂತ ಹೇಳಿ ಸುಲಭವಾಗಿ ಕೈತೊಳ್ಕೊಳ್ಳೋಕೆ ಅಲ್ಲೂ ಬಿಡಲ್ಲ. ಬಾಡಿಗೆಯವರು ತಮ್ಮ ಖರ್ಚಲ್ಲೇ ಬಾತ್‌ರೂಮಿಗೆ ಹಿಡಿಕೆ ಹಾಕಿಸ್ಕೋತೀನಿ ಅಂದ್ರೆ ಓನರ್ ಬೇಡ ಅನ್ನೋ ಹಾಗಿಲ್ಲ. ನಮ್ಮಲ್ಲಿ ಖಾಸಗಿ ಬಾಡಿಗೆ ಮನೆಗೆ ಅಷ್ಟು ನೇರ ಕಲಂ ಇಲ್ಲ, ಆದ್ರೆ ಮಾಡಿಕೊಡಬಹುದಾದ ಸಣ್ಣ ಅನುಕೂಲವನ್ನ ನಿರಾಕರಿಸೋದೂ ತಾರತಮ್ಯವೇ ಅಂತ ನಮ್ಮ ಕಾಯ್ದೆಯ ವ್ಯಾಖ್ಯಾನದಲ್ಲೇ ಬರೆದಿದೆ. ದೂರು ಕೊಡೋರಿಗೆ ರಾಜ್ಯದ ವಿಕಲಚೇತನರ ಆಯುಕ್ತರು ಇದಾರೆ, ಅವರಿಗೆ ಸಿವಿಲ್ ಕೋರ್ಟಿನ ಥರ ಸಮನ್ಸ್ ಕೊಡೋ ಅಧಿಕಾರ ಉಂಟು.

ಸಾಕು ಕಾನೂನು. ಆಯ್ಕೆಗಳಿಗೆ ಬರೋಣ.

ಎಲ್ಲರೂ ಮೊದಲು ಕೇಳೋದು ರ‍್ಯಾಂಪ್, ಅದಕ್ಕೆ ಅದನ್ನೇ ಮೊದಲು ತಗೋತೀನಿ. ರ‍್ಯಾಂಪಿನ ಲೆಕ್ಕ ಸುಲಭ, ಒಂದು ಅಡಿ ಏರೋಕೆ ಕನಿಷ್ಠ ಹನ್ನೆರಡು ಅಡಿ ಉದ್ದ. ಮುಂಬಾಗಿಲಿಗೆ ಆರಿಂಚಿನ ಒಂದು ಮೆಟ್ಟಿಲು ಇದ್ರೆ ಆರು ಅಡಿ ರ‍್ಯಾಂಪ್, ಆರಾಮಾಗಿ ಆಗುತ್ತೆ. ಪಾಯ ಮೂರಡಿ ಎತ್ತರ ಇದ್ರೆ ಮೂವತ್ತಾರು ಅಡಿ, ಅದರ ಮಧ್ಯೆ ನಿಲ್ಲೋಕೆ ಐದಡಿಯ ಸಮತಟ್ಟು ಬೇರೆ. ಒಂದು ಮಹಡಿಯಿಂದ ಇನ್ನೊಂದಕ್ಕೆ, ಅಂದ್ರೆ ಹತ್ತಡಿ ಅಥವಾ ಮೂರು ಮೀಟರ್, ಏರೋಕೆ 36 ಮೀಟರ್, ಪ್ರತಿ 9 ಮೀಟರಿಗೆ ಒಂದೂವರೆ ಮೀಟರ್ ಸಮತಟ್ಟು ಸೇರಿಸಿದ್ರೆ 40 ದಾಟುತ್ತೆ. ಅದೂ ಎತ್ತರ ಹೆಚ್ಚಾದ ಹಾಗೆ ಇಳಿಜಾರು ಇನ್ನೂ ಕಮ್ಮಿ ಮಾಡಬೇಕು, ಹದಿನೈದಕ್ಕೆ ಒಂದು, ಇಪ್ಪತ್ತಕ್ಕೆ ಒಂದು ಅಂತ. ನಿಮ್ಮ ಇಪ್ಪತ್ತು ಸೆಂಟ್ ಅಂದ್ರೆ ಹೆಚ್ಚುಕಮ್ಮಿ 27 ಮೀಟರ್ ಅಗಲ 30 ಮೀಟರ್ ಉದ್ದ. ರ‍್ಯಾಂಪ್ ಸುತ್ತಿ ಸುತ್ತಿ ಮನೆಗೆ ಜಾಗನೇ ಉಳಿಯಲ್ಲ. ಎರಡು ಮಹಡಿ ರ‍್ಯಾಂಪಲ್ಲಿ ಹತ್ತಿಸ್ತೀನಿ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ಅವರು ಕಾರಿನ ರ‍್ಯಾಂಪ್ ಬಗ್ಗೆ ಮಾತಾಡ್ತಿದಾರೆ ಅಂದ್ಕೊಳ್ಳಿ.

ಆದ್ರೆ ಚಿಕ್ಕ ರ‍್ಯಾಂಪ್ ಎಲ್ಲಾ ಆಯ್ಕೆಗೂ ಬೇಕು, ಅದರಲ್ಲಿ ನಾನೇ ಒಂದು ತಪ್ಪು ಮಾಡಿದೀನಿ. ಸುಮಾರು ಹತ್ತು ವರ್ಷದ ಹಿಂದೆ ವಿರಾಜಪೇಟೆ ಕಡೆ ಒಂದು ನಾಲ್ಕು ಮನೆಯ ಕಟ್ಟಡಕ್ಕೆ ಅಳತೆ ಎಲ್ಲಾ ಸರಿಯಾಗಿರೋ ರ‍್ಯಾಂಪ್ ಮಾಡಿಸಿದ್ದೆ, ಎರಡೂ ಕಡೆ ಕಂಬಿ, ನಾಲ್ಕಡಿ ಅಗಲ, ಚೆಕ್ಕರ್ ಟೈಲ್ಸ್, ನನಗೇ ಖುಷಿ ಆಗಿತ್ತು. ಜುಲೈ ತಿಂಗಳಲ್ಲಿ ಹೋಗಿ ನೋಡಿದ್ರೆ ಉತ್ತರದ ಗೋಡೆ ಪಕ್ಕ ಬಿಸಿಲೇ ಬೀಳದ ಜಾಗ, ಹಸಿರು ಪಾಚಿ ಬೆಳೆದು ಕೂತಿದೆ, ಮನೆಯವರು ರ‍್ಯಾಂಪ್ ಬಿಟ್ಟು ಪಕ್ಕದ ಮೆಟ್ಟಿಲಲ್ಲಿ ಅಜ್ಜನ್ನ ಕುರ್ಚಿ ಸಮೇತ ಎತ್ಕೊಂಡು ಹೋಗ್ತಿದಾರೆ. ಅಂದಿನಿಂದ ನನ್ನ ಪ್ಲ್ಯಾನಲ್ಲಿ ಮೇಲೆ ಶೀಟಿಲ್ಲದ ರ‍್ಯಾಂಪ್ ಇಲ್ಲ, ಟೈಲ್ಸ್ ಇಲ್ಲವೇ ಇಲ್ಲ, ಪೊರಕೆ ಎಳೆದು ಒರಟು ಮಾಡಿದ ಕಾಂಕ್ರೀಟು ಅಥವಾ ಉಳಿ ಹೊಡೆದ ಕಲ್ಲು, ಮೇಲಿನ ತುದಿಲಿ ಅಡ್ಡಕ್ಕೆ ಒಂದು ಜಾಲಿ ಮುಚ್ಚಿದ ಚರಂಡಿ, ಮಳೆ ನೀರು ರ‍್ಯಾಂಪ್ ಮೇಲೆ ಹರೀಬಾರದು. ಬಯಲುಸೀಮೆಯಲ್ಲಿ ಕೂತು ಬರೆದ ಪುಸ್ತಕದಲ್ಲಿ ಪಾಚಿ ಬಗ್ಗೆ ಇರಲ್ಲ.

ಎರಡನೇ ಆಯ್ಕೆ ತೀರಾ ಅಗ್ಗದ್ದು, ನೆಲ ಮತ್ತೆ ಮೇಲೆ ಎರಡು ಮಹಡಿ, ಲಿಫ್ಟ್ ಇಲ್ಲ, ನೆಲಮಟ್ಟದ ಎರಡು ಅಥವಾ ಮೂರು ಮನೆ ಮಾತ್ರ ಸರಿಯಾಗಿ ಮಾಡೋದು. ಬಜೆಟ್ ಬಿಗಿ ಇರೋರಿಗೆ, ಬಾಡಿಗೆಗೆ ಬರೋರು ಹೆಚ್ಚಾಗಿ ಟೀಚರುಗಳು, ಬ್ಯಾಂಕಿನವರು, ಚಿಕ್ಕ ಸಂಸಾರ ಅನ್ನೋ ಕಡೆ ಇದು ಕೆಟ್ಟ ಆಯ್ಕೆ ಅಲ್ಲ. ಮೇಂಟೆನೆನ್ಸ್ ಇಲ್ಲ, ಕರೆಂಟಿನ ಗೋಜಿಲ್ಲ. ಕೊರತೆ ಏನಂದ್ರೆ ಮೇಲಿನ ಮನೆಯವರಿಗೆ ನಾಳೆ ಕಾಲು ಮುರಿದ್ರೆ, ಸ್ಟ್ರೋಕ್ ಆದ್ರೆ ಅವರು ಮನೆ ಖಾಲಿ ಮಾಡಬೇಕು ಅಷ್ಟೇ. ಇನ್ನೊಂದು, ನೆಲಮಟ್ಟದಲ್ಲಿ ಪಾರ್ಕಿಂಗ್ ಕೊಟ್ಟು ಮನೆಗಳನ್ನ ಮೇಲೆ ಹಾಕೋ ಚಾಳಿ ಬಂದಿದೆಯಲ್ಲ, ಹಾಗೆ ಮಾಡಿದ್ರೆ ಈ ಆಯ್ಕೆ ಅಲ್ಲಿಗೇ ಸತ್ತುಹೋಯ್ತು. ಕಾರು ಆರಾಮಾಗಿ ಒಳಗೆ ಬರುತ್ತೆ, ಅವ್ವ ಮಾತ್ರ ಹದಿನೆಂಟು ಮೆಟ್ಟಿಲು ಹತ್ತಬೇಕು. ಈ ಆಯ್ಕೆಗೆ ಹೋಗೋರಿಗೆ ನನ್ನ ಒಂದೇ ಷರತ್ತು, ಮೆಟ್ಟಿಲಿನ ಪಕ್ಕ ಆರಡಿಗೆ ಆರಡಿ ಜಾಗ ಪ್ರತಿ ಮಹಡಿಲೂ ಒಂದರ ಮೇಲೊಂದು ಸ್ಟೋರ್ ರೂಮ್ ಅಂತ ಬಿಡಿ, ಸುತ್ತ ಬೀಮ್ ಹಾಕಿ ಮಧ್ಯದ ಸ್ಲ್ಯಾಬ್ ಬೇರೆಯಾಗಿ ಹಾಕಿಸಿ, ಕೆಳಗೆ ಗುಂಡಿಗೂ ಜಾಗ ಇರಲಿ. ಮುಂದೆ ಕೈಲಿ ದುಡ್ಡಾದಾಗ ಆ ಸ್ಲ್ಯಾಬ್ ಕತ್ತರಿಸಿ ಲಿಫ್ಟ್ ಇಳಿಸಬಹುದು. ಈಗ ಹೆಚ್ಚಿಗೆ ಖರ್ಚು ಬಹಳ ಕಮ್ಮಿ, ಈಗ ಬಿಡದಿದ್ರೆ ಆಮೇಲೆ ಕಟ್ಟಡದ ಹೊರಗೆ ಕಬ್ಬಿಣದ ಗೂಡು ಕಟ್ಟಿಸಬೇಕು, ಅದಕ್ಕೆ ಸೆಟ್‌ಬ್ಯಾಕಲ್ಲಿ, ಅಂದ್ರೆ ಕಟ್ಟಡದ ಸುತ್ತ ಬಿಡಲೇಬೇಕಾದ ಖಾಲಿ ಜಾಗದಲ್ಲಿ, ಜಾಗ ಇರಲ್ಲ.

ಲಿಫ್ಟ್ ಬಗ್ಗೆ ನನಗೆ ಎರಡು ಮನಸ್ಸು. ಇದ್ರೆ ಎಂಟಕ್ಕೆ ಎಂಟೂ ಮನೆ ಎಲ್ಲರಿಗೂ ಆಗುತ್ತೆ, ಗ್ಯಾಸ್ ಸಿಲಿಂಡರ್ ಇಂದ ಹಿಡಿದು ಆಂಬುಲೆನ್ಸಿನ ತನಕ ಎಲ್ಲಾ ಸಲೀಸು, ಬಾಡಿಗೆನೂ ಸ್ವಲ್ಪ ಹೆಚ್ಚು ಸಿಗುತ್ತೆ. ಆದ್ರೆ ಜನ ಮೂರು ನಾಲ್ಕು ಜನ ಹಿಡಿಯೋ ಸಣ್ಣ ಲಿಫ್ಟ್ ಹಾಕಿ ಕೈತೊಳ್ಕೋತಾರೆ, ಅದರ ಬಾಗಿಲು 700 ಮಿಮೀ, ವೀಲ್‌ಚೇರು ಒಳಗೆ ಹೋದ್ರೆ ಜೊತೆಗೆ ಬರೋರು ಹೊರಗೆ. ಬಾಗಿಲು 900 ಮಿಮೀ ಇರಬೇಕು, ಬಟನ್ ಕೂತ ಕೈಗೆ ಸಿಗೋ ಎತ್ತರದಲ್ಲಿರಬೇಕು, ಕಣ್ಣು ಕಾಣದವರಿಗೆ ಬ್ರೈಲ್ ಮತ್ತೆ ಯಾವ ಮಹಡಿ ಅಂತ ಹೇಳೋ ಧ್ವನಿ, ಒಳಗೆ ಹಿಡಿಕೆ. ಕೈಯಲ್ಲಿ ಎಳೆಯೋ ಕಬ್ಬಿಣದ ಗೇಟಿನ ಲಿಫ್ಟ್ ಅಗ್ಗ ಅಂತ ಯಾರಾದ್ರೂ ಕೊಟ್ರೆ ಬೇಡ ಅನ್ನಿ, ವೀಲ್‌ಚೇರಲ್ಲಿ ಕೂತು ಅದನ್ನ ಎಳೆಯೋಕೆ ಆಗಲ್ಲ.

ಇನ್ನು ನಮ್ಮೂರಿನ ತೊಂದರೆ. ಕರೆಂಟ್ ಹೋದ ಕೂಡಲೇ ಲಿಫ್ಟ್ ಮಧ್ಯದಲ್ಲಿ ನಿಲ್ಲದೆ ಹತ್ತಿರದ ಮಹಡಿಗೆ ಬಂದು ಬಾಗಿಲು ತೆಗೆಯೋ ಬ್ಯಾಟರಿ ಸಾಧನ ಸಿಗುತ್ತೆ, ಅದನ್ನ ಹಾಕಿಸಲೇಬೇಕು, ಆದ್ರೆ ಅದು ಒಂದು ಸಲ ಪಾರು ಮಾಡುತ್ತೆ ಅಷ್ಟೇ, ಎರಡು ದಿನ ಓಡಿಸಲ್ಲ. ಅದಕ್ಕೆ ಜನರೇಟರ್ ಬೇಕು, ಜನರೇಟರಿಗೆ ಶೆಡ್ ಬೇಕು, ಡೀಸೆಲ್ ಬೇಕು, ಸ್ಟಾರ್ಟ್ ಮಾಡೋಕೆ ಒಬ್ಬ ಬೇಕು. ಸಿಡಿಲಿಗೆ ಬೋರ್ಡ್ ಹೋದ್ರೆ ಮೆಕ್ಯಾನಿಕ್ ಮೈಸೂರಿಂದ ಬರಬೇಕು, ಘಾಟಿಲಿ ಮರ ಬಿದ್ದ ದಿನವೇ ಲಿಫ್ಟೂ ಕೆಡೋದು ಅನ್ನೋದು ನನ್ನ ಅನುಭವ. ಲಿಫ್ಟ್ ಗುಂಡಿಲಿ ಒರತೆ ನೀರು ಬರೋದು ಮಡಿಕೇರಿ ಕಡೆ ಮಾಮೂಲು, ಗುಂಡಿಗೆ ವಾಟರ್‌ಪ್ರೂಫ್ ಮಾಡಿಸಿ ಪಂಪ್ ಇಡದೆ ಇದ್ರೆ ಎರಡೇ ಮಳೆಗಾಲಕ್ಕೆ ಕೆಳಗಿನ ಭಾಗವೆಲ್ಲ ತುಕ್ಕು. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟೊರೇಟಿಂದ ಲೈಸೆನ್ಸ್ ತಗೋಬೇಕು, ವರ್ಷದ ಸರ್ವಿಸ್ ಕಾಂಟ್ರಾಕ್ಟ್ ಬೇಕು. ಇದೆಲ್ಲ ಎಂಟು ಮನೆಗೆ ಹಂಚಿದ್ರೆ ತಡ್ಕೋಬಹುದು, ನಾಲ್ಕು ಮನೆಗೆ ಹಂಚಿದ್ರೆ ತಿಂಗಳ ಲೆಕ್ಕ ಕೊಡುವಾಗ ಜಗಳ ಗ್ಯಾರಂಟಿ, ನೆಲಮಟ್ಟದಲ್ಲಿರೋನು ನಾನು ಯಾಕೆ ಕೊಡಲಿ ಅಂತಾನೆ. ಆರಕ್ಕಿಂತ ಕಮ್ಮಿ ಮನೆಗೆ ನಾನು ಲಿಫ್ಟ್ ಹೇಳಲ್ಲ, ಸ್ವಂತ ಮನೆಯವರೇ ಮೇಲೆ ಇರೋದಾದ್ರೆ ಮಾತು ಬೇರೆ.

ಈಗ ನನಗೆ ಇಷ್ಟವಾದ ಆಯ್ಕೆಗೆ ಬರ್ತೀನಿ. ಪಕ್ಷಪಾತ ಅಂದ್ಕೊಂಡ್ರೂ ಪರವಾಗಿಲ್ಲ.

ಕೊಡಗಿನ ಸೈಟುಗಳಲ್ಲಿ ಎಷ್ಟೋ ಕಡೆ ಕೆಳಗೂ ರಸ್ತೆ ಮೇಲೂ ರಸ್ತೆ ಇರುತ್ತೆ, ಇಲ್ಲಾಂದ್ರೆ ಒಂದೇ ರಸ್ತೆ ತಿರುವು ಹಾಕ್ಕೊಂಡು ಸೈಟಿನ ಪಕ್ಕದಲ್ಲೇ ಏರಿ ಹೋಗುತ್ತೆ. ನಾವು ಮಾಡೋದೇನು, ಜೆಸಿಬಿ ಕರೆಸಿ ಗುಡ್ಡ ಕಡಿದು ಒಂದೇ ಮಟ್ಟ ಮಾಡಿ, ಹಿಂದೆ ಇಪ್ಪತ್ತಡಿ ಬರೆ ನಿಲ್ಲಿಸಿ, ಅದಕ್ಕೆ ತಡೆಗೋಡೆ ಕಟ್ಟಿ, ಆಮೇಲೆ ಬಯಲುಸೀಮೆಯ ಕಟ್ಟಡ ತಂದು ಅಲ್ಲಿ ಇಡೋದು. ಹಾಗೆ ಮಾಡಿದ ಮೇಲೆ ಮೇಲೆ ಹೋಗೋಕೆ ಲಿಫ್ಟೇ ಗತಿ. ಅದರ ಬದಲು ಗುಡ್ಡಕ್ಕೆ ಹೊಂದಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಡ ಕೂರಿಸಿ. ನಿಮ್ಮ 30 ಮೀಟರ್ ಉದ್ದದ ಸೈಟಲ್ಲಿ ಕೆಳಗಿನ ರಸ್ತೆಗೂ ಮೇಲಿನ ರಸ್ತೆಗೂ ಆರು ಮೀಟರ್ ವ್ಯತ್ಯಾಸ ಇದೆ ಅಂತಿಟ್ಕೊಳ್ಳಿ. ಆರು ಮೀಟರ್ ಅಂದ್ರೆ ಸರಿಯಾಗಿ ಎರಡು ಮಹಡಿ ಎತ್ತರ. ಕೆಳಗಿನ ಮನೆಗಳಿಗೆ ಕೆಳಗಿನ ರಸ್ತೆಯಿಂದ ನೇರ ಬಾಗಿಲು, ಮೂರನೇ ಮಟ್ಟದ ಮನೆಗಳಿಗೆ ಮೇಲಿನ ರಸ್ತೆಯಿಂದ ನೇರ ಬಾಗಿಲು. ಲಿಫ್ಟಿಲ್ಲ, ಉದ್ದ ರ‍್ಯಾಂಪಿಲ್ಲ, ಕರೆಂಟ್ ಹೋದ್ರೂ ಬಾಗಿಲು ಬಾಗಿಲೇ. ಇಷ್ಟು ದಿನ ಶತ್ರು ಅಂದ್ಕೊಂಡಿದ್ದ ಇಳಿಜಾರು ನಿಮಗೆ ಎರಡು ನೆಲಮಟ್ಟ ಪುಕ್ಕಟೆ ಕೊಟ್ಟಿದೆ.

ಕಟ್ಟಡವನ್ನ ಮೇಲಿನ ಬರೆಗೆ ಅಂಟಿಸಬೇಡಿ. ಬರೆಗೂ ಗೋಡೆಗೂ ಮಧ್ಯೆ ಏಳೆಂಟು ಅಡಿ ಬಿಟ್ಟು ಗಾಳಿ ಬೆಳಕು ಬರೋ ಹಾಗೆ, ನೀರು ಹರಿದು ಹೋಗೋ ಹಾಗೆ ಮಾಡಿ, ರಸ್ತೆಯಿಂದ ಮೂರನೇ ಮಟ್ಟಕ್ಕೆ ಒಂದು ಪುಟ್ಟ ಸೇತುವೆ ಥರ ಸ್ಲ್ಯಾಬ್ ಹಾಕಿ, ನಾಲ್ಕೂವರೆ ಐದಡಿ ಅಗಲ, ಎರಡೂ ಕಡೆ ಗಟ್ಟಿ ಕಂಬಿ, ಮೇಲೆ ಶೀಟು. ಗೋಡೆಗೆ ತೇವ ಹಿಡಿಯಲ್ಲ, ಬರೆ ಸ್ವಲ್ಪ ಜಾರಿದ್ರೂ ಮಣ್ಣು ಮನೆಯೊಳಗೆ ಬರಲ್ಲ, ಹಿಂದೆ ಹೋಗಿ ಚರಂಡಿ ಕ್ಲೀನ್ ಮಾಡೋಕೂ ಆಗುತ್ತೆ. ಮಣ್ಣು ಕಡಿಯೋದೂ ಅರ್ಧಕ್ಕರ್ಧ ಕಮ್ಮಿ, ತಡೆಗೋಡೆ ಒಂದು ದೊಡ್ಡದರ ಬದಲು ಎರಡು ಚಿಕ್ಕವು, ಅದರಲ್ಲಿ ನೀರು ಹೊರಗೆ ಬರೋಕೆ ಪೈಪ್ ಬಿಡೋದು ಮರೀಬೇಡಿ. ಮಣ್ಣು ಪರೀಕ್ಷೆ ಮತ್ತೆ ಸ್ಟ್ರಕ್ಚರಲ್ ಎಂಜಿನಿಯರ್ ಖರ್ಚು ಇಲ್ಲಿ ಉಳಿಸೋಕೆ ಹೋಗಬಾರದು, ಬೇರೆಬೇರೆ ಮಟ್ಟದ ಪಾಯ ಮೇಸ್ತ್ರಿ ಅಂದಾಜಿಗೆ ಬಿಡೋ ಕೆಲಸ ಅಲ್ಲ.

ಇದರ ತೊಂದರೆಗಳನ್ನೂ ಹೇಳಬೇಕಲ್ಲ. ಮಧ್ಯದ ಮಟ್ಟ ಅನಾಥ, ಅದಕ್ಕೆ ಯಾವ ರಸ್ತೆನೂ ಇಲ್ಲ. ಪಕ್ಕದಲ್ಲಿ ಏರೋ ರಸ್ತೆ ಇದ್ರೆ ಮಧ್ಯದಲ್ಲೂ ಒಂದು ಬಾಗಿಲು ಸಿಗುತ್ತೆ, ಇಲ್ಲಾಂದ್ರೆ ಆ ಮಟ್ಟವನ್ನ ಮೆಟ್ಟಿಲು ಹತ್ತೋಕಾಗೋರಿಗೆ ಕೊಡಬೇಕು, ಇಲ್ಲ ಆ ಮಟ್ಟದ ಎರಡು ಮನೆ ಕೆಳಗಿನ ಮನೆಗಳಿಗೇ ಮೇಲ್ಮಹಡಿ ಮಾಡಿ ಡ್ಯೂಪ್ಲೆಕ್ಸ್ ಮಾಡಬೇಕು, ಮಲಗೋ ಕೋಣೆ ಬಾತ್‌ರೂಮ್ ಕೆಳಗೊಂದು ಇರಲೇಬೇಕು ಅನ್ನೋ ಷರತ್ತಿನ ಮೇಲೆ. ಎರಡನೇದು, ಐದು ಮೀಟರಿಗೆ ಒಂದು ಮೀಟರ್ ಇಳಿಯೋ ಜಾಗದ ರಸ್ತೆಲಿ ಕಾರು ಬಾಗಿಲಿಗೆ ಬರಬಹುದು, ವೀಲ್‌ಚೇರು ತಳ್ಕೊಂಡು ಅಂಗಡಿಗೆ ಹೋಗೋಕಾಗಲ್ಲ. ಬಾಗಿಲ ಎದುರು ಕಾರು ನಿಲ್ಲಿಸೋ ಜಾಗ ಮಾತ್ರ ಪೂರ್ತಿ ಸಮತಟ್ಟಾಗಿ 3.6 ಮೀಟರ್ ಅಗಲ ಇರಲಿ, ಕಾರಿಂದ ಕುರ್ಚಿಗೆ ಇಳಿಯೋಕೆ ಅಷ್ಟು ಬೇಕು. ಮೂರನೇದು ಸ್ವಲ್ಪ ವಿಚಿತ್ರ, ಮೊದಲ ಸಲ ಇಂಥ ಪ್ಲ್ಯಾನ್ ಹಾಕಿದಾಗ ನನಗೂ ಹೊಳೆದಿರಲಿಲ್ಲ. ಮೇಲಿನ ಮಟ್ಟದಲ್ಲಿ ಅವ್ವ, ಕೆಳಗಿನ ಮಟ್ಟದಲ್ಲಿ ಚಿಕ್ಕ ಮಗನ ಸಂಸಾರ. ಒಂದೇ ಕಟ್ಟಡ, ಆದ್ರೆ ಅವ್ವ ಮಗನ ಮನೆಗೆ ಹೋಗಬೇಕಾದ್ರೆ ಕಾರಲ್ಲಿ ರಸ್ತೆ ಸುತ್ತಿ ಹೋಗಬೇಕು. ಹುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲಾ ಒಂದು ಕಡೆ ಸೇರುವಾಗ ಇದು ಗೊತ್ತಾಗಿದ್ದು. ಹಾಗಾಗಿ ನಿಮ್ಮ ಕುಟುಂಬದ ಎರಡೂ ಮನೆ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಇಟ್ಕೊಳ್ಳಿ, ಬಾಡಿಗೆದು ಇನ್ನೊಂದು ಮಟ್ಟಕ್ಕೆ. ಮೀಟರ್ ಬೋರ್ಡು, ಕಸದ ಡಬ್ಬ, ನೀರಿನ ಮೋಟಾರ್ ಸ್ವಿಚ್ಚು ಇವೂ ಎರಡೂ ಮಟ್ಟದಲ್ಲಿ ಸಿಗೋ ಹಾಗೆ ಇರಬೇಕು.

ಸಪಾಟು ಜಾಗದ ಮಾತು. ಕುಶಾಲನಗರ, ಹೆಬ್ಬಾಲೆ ಕಡೆ ಒಂದೇ ಮಟ್ಟದಲ್ಲಿ ಸಾಲು ಮನೆ ಕಟ್ಟೋದು ವೀಲ್‌ಚೇರ್ ದೃಷ್ಟಿಯಿಂದ ಎಲ್ಲಕ್ಕಿಂತ ಸುಲಭ, ಹೊರಗೆ ತಳ್ಕೊಂಡು ಓಡಾಡೋಕೂ ಆಗುತ್ತೆ, ಮಳೆ ಕಮ್ಮಿ, ಮೈಸೂರಿನ ಆಸ್ಪತ್ರೆ ಹತ್ತಿರ. ಒಂದೇ ಮಹಡಿ ಅಂದ್ರೆ ಇಪ್ಪತ್ತು ಸೆಂಟಲ್ಲಿ ಎಂಟು ಮನೆ ಬರಲ್ಲ, ನಾಲ್ಕಾದ್ರೆ ಹೆಚ್ಚು, ಅದು ಮೊದಲ ಲೆಕ್ಕ. ಎರಡನೇದು ಹೊಳೆ. 2018ರಲ್ಲೂ 2019ರಲ್ಲೂ ಕುಶಾಲನಗರದ ಕಾವೇರಿ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನೀರಿಗೆ ಹೆದರಿ ಪಾಯ ನಾಲ್ಕಡಿ ಎತ್ತರಿಸಿದ್ರೆ 48 ಅಡಿ ರ‍್ಯಾಂಪ್ ಬೇಕಾಗುತ್ತೆ, ಅಲ್ಲಿಗೆ ಸಪಾಟು ಜಾಗಕ್ಕೆ ಕೊಟ್ಟ ದುಡ್ಡು ದಂಡ. ಗೋಣಿಕೊಪ್ಪ ಕಡೆ ಗದ್ದೆ ತುಂಬಿಸಿ ಮಾಡಿದ ಸೈಟಿಗೂ ಇದೇ ಮಾತು. ಹಾಗಾಗಿ ಸಪಾಟು ಅಂದ ಕೂಡಲೇ ಸೈ ಅನ್ನದೆ, ಅಕ್ಕಪಕ್ಕದ ಮನೆ ಗೋಡೆಲಿ ಆ ಎರಡು ವರ್ಷದ ನೀರಿನ ಗುರುತು ಎಲ್ಲಿ ತನಕ ಇದೆ ಅಂತ ಕೇಳಿ. ಹಳೆ ಜಾಗ ಮಾರಿ ಇಲ್ಲಿಗೆ ಬರೋರು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಕಾಗದಪತ್ರ, ಕನ್ವರ್ಷನ್ (ಕೃಷಿ ಜಮೀನನ್ನ ಮನೆ ಕಟ್ಟೋ ಜಾಗ ಅಂತ ಬದಲಾಯಿಸೋದು) ಎಲ್ಲಾ ಎಷ್ಟು ತಿಂಗಳು ಹಿಡಿಯುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ.

ಈಗಾಗಲೇ ಕಟ್ಟಿ ಆಗಿರೋರಿಗೆ ಹೇಳೋಕೆ ಹೆಚ್ಚೇನಿಲ್ಲ. ಮೆಟ್ಟಿಲ ಕಂಬಿ ಮೇಲೆ ಜಾರೋ ಕುರ್ಚಿ ಸಿಗುತ್ತೆ, ನಡೆಯೋಕೆ ಸ್ವಲ್ಪ ಆಗೋರಿಗೆ ಅದು ಸರಿ, ಆದ್ರೆ ಮೆಟ್ಟಿಲು ಮೂರಡಿ ಅಗಲ ಇದ್ರೆ ಬೇರೆಯವರಿಗೆ ಓಡಾಡೋಕೆ ಜಾಗ ಇರಲ್ಲ. ಪಾಯದ ನಾಲ್ಕೈದು ಅಡಿಗೆ ಮಾತ್ರ ಏರಿಸೋ ಸಣ್ಣ ಪ್ಲಾಟ್‌ಫಾರ್ಮ್ ಲಿಫ್ಟ್ ಹಾಕಿಸಬಹುದು. ಎಲ್ಲಕ್ಕಿಂತ ಅಗ್ಗದ ಉಪಾಯ, ಕೆಳಗಿನ ಮನೆಯ ಬಾಡಿಗೆಯವರ ಜೊತೆ ಮನೆ ಬದಲಾಯಿಸ್ಕೊಳ್ಳೋದು. ನಗಬೇಡಿ, ಇಬ್ಬರು ಹಾಗೆ ಮಾಡಿದಾರೆ.

ಯಾವ ಆಯ್ಕೆ ಹಿಡಿದ್ರೂ ಒಳಗಿನ ಕೆಲಸ ಒಂದೇ, ಇದರಲ್ಲಿ ದುಡ್ಡಿನ ನೆಪ ನಡೆಯಲ್ಲ. ವೀಲ್‌ಚೇರಿನ ಅಗಲ ಸುಮಾರು 650 ಮಿಮೀ. ನಾವು ಬಾತ್‌ರೂಮಿಗೆ ಇಡೋದು ಎರಡೂವರೆ ಅಡಿ ಬಾಗಿಲು, ಅಂದ್ರೆ 750, ಎರಡೂ ಕಡೆ ಚೌಕಟ್ಟು ಕಳೆದ್ರೆ ಸಿಗೋದು 630 ಆಸುಪಾಸು. ಇಪ್ಪತ್ತು ಮಿಲಿಮೀಟರಿಗೆ ಒಬ್ಬ ಮನುಷ್ಯ ತನ್ನ ಮನೆಲಿ ಬಾತ್‌ರೂಮಿಗೆ ಹೋಗೋಕಾಗಲ್ಲ. ಚೌಕಟ್ಟು ಬಿಟ್ಟು ಒಳಗಡೆ 900 ಸಿಗೋ ಹಾಗೆ ಎಲ್ಲಾ ಬಾಗಿಲು ಇಡಿ, ಬಾತ್‌ರೂಮಿನ ಬಾಗಿಲು ಹೊರಗೆ ತೆರೀಲಿ, ಒಳಗೆ ಬಿದ್ದೋರು ಬಾಗಿಲಿಗೆ ಅಡ್ಡ ಬಿದ್ರೆ ಒಳಗೆ ಹೋಗೋಕಾಗಲ್ಲ. ಕುರ್ಚಿ ತಿರುಗೋಕೆ ಒಂದೂವರೆ ಮೀಟರ್ ಸುತ್ತಳತೆಯ ಖಾಲಿ ಜಾಗ ಅಲ್ಲ, ಒಂದೂವರೆ ಮೀಟರ್ ಅಡ್ಡಗಲದ ಖಾಲಿ ಜಾಗ, ಎಷ್ಟೋ ಜನ ಇದನ್ನ ತಪ್ಪಾಗಿ ಅಳೀತಾರೆ. ಕಮೋಡ್ ಪಕ್ಕದ ಗೋಡೆ ನಾಲ್ಕಿಂಚಿನ ಟೊಳ್ಳು ಬ್ಲಾಕಲ್ಲಿ ಕಟ್ಟಿದ್ರೆ ಹಿಡಿಕೆ ನಿಲ್ಲಲ್ಲ, ಕೈ ಊರಿದ ದಿನವೇ ಸ್ಕ್ರೂ ಸಮೇತ ಬರುತ್ತೆ. ಎರಡೂವರೆ ಅಡಿ ಎತ್ತರದ ಆಸುಪಾಸು ಸಾಲಿಡ್ ಬ್ಲಾಕ್ ಇಲ್ಲಾಂದ್ರೆ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿ, ಹಿಡಿಕೆ ಇವತ್ತೇ ಹಾಕಬೇಕಂತಿಲ್ಲ. ಹೊಸಿಲು 12 ಮಿಮೀಗಿಂತ ಎತ್ತರ ಬೇಡ. ಮುಂಬಾಗಿಲ ಹೊಸಿಲು ಪೂಜೆಗೆ ಬೇಕೇಬೇಕು ಅನ್ನೋರು ಅದನ್ನ ಎರಡೂ ಕಡೆ ಇಳಿಜಾರು ಮಾಡಿಸಿ, ಅರಿಶಿನ ಕುಂಕುಮ ಅದರ ಮೇಲೂ ನಿಲ್ಲುತ್ತೆ. ಬೆಳಗ್ಗೆ ಸ್ನಾನಕ್ಕೆ ಹಂಡೆ ಒಲೆ ಹೊರಗಿನ ಬಚ್ಚಲಲ್ಲೇ ಬೇಕು ಅನ್ನೋ ಹಿರಿಯರಿದ್ರೆ ಆ ಬಚ್ಚಲಿಗೂ ಮೆಟ್ಟಿಲಿರಬಾರದು, ಪ್ಲ್ಯಾನಲ್ಲಿ ಅದು ಬರೋದೇ ಇಲ್ಲ, ಆಮೇಲೆ ಮೇಸ್ತ್ರಿ ಕಟ್ಟೋದು.

ಕಾಯ್ದೆಲಿ ಇರೋದು 21 ಥರದ ವೈಕಲ್ಯ, ವೀಲ್‌ಚೇರ್ ಅದರಲ್ಲಿ ಒಂದು ಭಾಗ. ಮೆಟ್ಟಿಲ ಅಂಚಿಗೆ ಬೇರೆ ಬಣ್ಣದ ಪಟ್ಟಿ, ಮಂಜು ಕವಿದ ಸಂಜೆಗೂ ಸಾಲುವ ದೀಪ, ಕಿವಿ ಕೇಳದವರಿಗೆ ಮಿನುಗೋ ಕಾಲಿಂಗ್ ಬೆಲ್, ಇವಕ್ಕೆ ಸಾವಿರಗಳಲ್ಲಿ ಖರ್ಚು.

ಹಾಗಾದ್ರೆ ಆ ಮೂರು ಮನೆಯವರಿಗೆ ನಾನು ಏನು ಹೇಳಿದೆ? ಎರಡು ರಸ್ತೆ ಇದ್ದ ಮಡಿಕೇರಿ ಪಕ್ಕದವರಿಗೆ ಗುಡ್ಡಕ್ಕೆ ಹೊಂದಿಸಿ ಕಟ್ಟಿ, ಲಿಫ್ಟ್ ದುಡ್ಡು ತಡೆಗೋಡೆಗೆ ಮತ್ತೆ ಮಣ್ಣು ಪರೀಕ್ಷೆಗೆ ಹಾಕಿ ಅಂದೆ. ಒಂದೇ ರಸ್ತೆ, ಎಂಟು ಮನೆ, ಫರ್ಮ್ ಮಾಡಿ ಮಾರೋ ಯೋಚನೆ ಇದ್ದವರಿಗೆ ಲಿಫ್ಟ್, ಜನರೇಟರ್ ಸಮೇತ, ಬೇರೆ ದಾರಿ ಇಲ್ಲ. ನಾಲ್ಕೇ ಮನೆ ಸಾಕು, ಸಾಲ ಬೇಡ ಅಂದ ರಿಟೈರ್ಡ್ ಸುಬೇದಾರರಿಗೆ ನೆಲಮಟ್ಟದಲ್ಲಿ ಎರಡು, ಮೇಲೆ ಎರಡು, ಲಿಫ್ಟಿನ ಜಾಗ ಸ್ಟೋರ್ ರೂಮ್ ಹೆಸರಲ್ಲಿ. ಅವರು ಇನ್ನೂ ಕುಶಾಲನಗರದ ಆಸೆ ಬಿಟ್ಟಿಲ್ಲ.

ನೀವು ತೀರ್ಮಾನ ಮಾಡೋ ಮುಂಚೆ ಒಂದು ಭಾನುವಾರ ಸೈಟಿಗೆ ಹೋಗಿ, ಮೇಸ್ತ್ರಿ ಹತ್ರ ಇರೋ ನೀರಿನ ಲೆವೆಲ್ ಪೈಪ್ ತಗೊಂಡು ಕೆಳಗಿನ ರಸ್ತೆಯಿಂದ ಮೇಲಿನ ರಸ್ತೆ ತನಕ ಹಂತಹಂತವಾಗಿ ಎತ್ತರ ಅಳೆದು ಒಂದು ಹಾಳೆಲಿ ಬರ್ಕೊಂಡು ಬನ್ನಿ, ಮನೆಲಿರೋ ವೀಲ್‌ಚೇರಿನ ಅಗಲವನ್ನೂ ಬರ್ಕೊಳ್ಳಿ. ಜೆಸಿಬಿಯವನಿಗೆ ಫೋನ್ ಮಾಡೋದು ಅದಾದ ಮೇಲೆ.